ಎರಡು ಚಮಚ ಹಿಡಿಯುವ ಡಬ್ಬಿ

ಲಾ ಪಾಸ್ ಊರಿನಲ್ಲಿ ಯಾರೂ ಯಾರಲ್ಲೂ ಏನನ್ನೂ ದೊಡ್ಡದಾಗಿ ಕೇಳುವುದಿಲ್ಲ. ಬಸ್ಸಿನಲ್ಲಿ ಕೂರಬೇಕಾದರೆ ‘ಒಂದು ಪುಟ್ಟ ಜಾಗ’ ಎನ್ನಬೇಕು. ಬಾಯಾರಿದರೆ ‘ಪುಟ್ಟ ನೀರು’ ಎನ್ನಬೇಕು. ಹಾಗೆನ್ನದವರನ್ನು ಜನ ಹೊರಗಿನವರೆಂದೋ ಪೊಲೀಸಿನವರೆಂದೋ ತಿಳಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಈ ವಿದ್ಯೆಯಲ್ಲಿ ಊರಿಗೆಲ್ಲ ಗುರುವಿನಂತಿದ್ದವನು ಕಾಸಿಯಾನೊ ಕಿಸ್ಬೆರ್ಟ್. ಇಪ್ಪತ್ತೆರಡು ವರ್ಷ ಒಬ್ಬ ನೋಟರಿಯ ಕಚೇರಿಯಲ್ಲಿ ಜವಾನನಾಗಿ ಬಾಗಿಲು ತೆರೆದು, ಬಾಗಿಲು ಮುಚ್ಚಿ, ನಡುವೆ ಬಂದವರಿಗೆಲ್ಲ ತಲೆ ಬಾಗಿಸಿ, ಕೊನೆಗೆ ಅವನ ನಾಲಿಗೆಯೂ ಬಾಗಿಹೋಗಿತ್ತು. ನೋಟರಿ ತೀರಿಕೊಂಡ ದಿನ ಅವರ ಹೆಂಡತಿಯ ಎದುರು ನಿಂತು, "ಅಮ್ಮಾ, ನಿಮ್ಮ ಈ ಪುಟ್ಟ ದುಃಖದಲ್ಲಿ ನನ್ನದೂ ಒಂದು ಪುಟ್ಟ ಪಾಲಿದೆ" ಎಂದುಬಿಟ್ಟಿದ್ದ. ಆಕೆ ಅತ್ತದ್ದು ಗಂಡನಿಗೋ ಈ ಮಾತಿಗೋ ಯಾರಿಗೂ ಗೊತ್ತಾಗಲಿಲ್ಲ. ಇನ್ನೊಮ್ಮೆ ದವಡೆ ಊದಿ ಮುಖದ ಒಂದು ಪಕ್ಕ ಕುಂಬಳಕಾಯಿಯಾದಾಗ ಹಲ್ಲಿನ ಡಾಕ್ಟರ ಹತ್ತಿರ "ಒಂದು ಪುಟ್ಟ ನೋವು ಸ್ವಾಮಿ" ಎಂದ. ಅವರು ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತದೆ "ಪುಟ್ಟದಾದ್ರೆ ಮುಂದಿನ ವಾರ ಬನ್ನಿ" ಎಂದರು. ಇವನು ಕೈಮುಗಿದು, ದವಡೆ ಹಿಡಿದುಕೊಂಡು ಮನೆಗೆ ಬಂದ.

ಹೆಂಡತಿ ತೊಮಾಸಾ ಇದಕ್ಕೆ ತದ್ವಿರುದ್ಧ. ಅವಳ ಬಾಯಿಂದ ‘ಪುಟ್ಟ’ ಎಂಬ ಮಾತು ಹೊರಟದ್ದನ್ನು ಕೇಳಿದವರಿಲ್ಲ. ಬೆಟ್ಟದ ಮೇಲಿನ ಎಲ್ ಆಲ್ತೊದ ಒಂದು ಬೀದಿಯಲ್ಲಿ ಮೂಟೆ ಬಿಚ್ಚಿಕೊಂಡು ಕೂತು ಅವಳು ಹುರಿಹಿಟ್ಟು ಮಾರುತ್ತಿದ್ದಳು. ಕಾನ್ಯಾವಾ ಎಂದು ರಾಗಿಯಷ್ಟೇ ಸಣ್ಣ ಕಾಳು. ಅದನ್ನು ಮಣ್ಣಿನ ಓಡಿನಲ್ಲಿ ಘಮ್ಮೆನ್ನುವಂತೆ ಹುರಿದು ಬೀಸಿದ ಹಿಟ್ಟು. ಅವಳ ತಾಯಿ ಬಸೀಲಿಯಾ ಕಲಿಸಿದ ಹದ. ಬಾಯಿಗೆ ಹಾಕಿಕೊಂಡರೆ ಕರಗಬೇಕು, ಕರಗುವವರೆಗೆ ಮಾತಾಡಬಾರದು. ಮಾತಾಡಿದರೆ ಎದುರಿಗಿದ್ದವನ ಮುಖವೆಲ್ಲ ಹಿಟ್ಟು. "ಇದನ್ನ ತಿನ್ನೋವಾಗಾದ್ರೂ ಗಂಡಸರು ಸುಮ್ನಿರ್ತಾರೆ" ಎಂದೇ ಅವಳು ಗಿರಾಕಿಗಳನ್ನು ಕರೆಯುತ್ತಿದ್ದದ್ದು.

ಹೀಗಿರುವಾಗ ಒಂದು ದಿನ ಪುರಸಭೆಯವರು ಬಂದು ಬೀದಿಯುದ್ದಕ್ಕೂ ಸುಣ್ಣದ ಗೆರೆ ಎಳೆದರು. ಜನವರಿ ಮುಗಿದ ಮೇಲೆ ಚರಂಡಿ ಅಗೆಯುತ್ತಾರಂತೆ. ಎರಡು ವರ್ಷ ಯಾರೂ ಅಲ್ಲಿ ಕೂರುವಂತಿಲ್ಲ. ಗೆರೆ ಸರಿಯಾಗಿ ತೊಮಾಸಾಳ ಮೂಟೆಯ ಮೇಲೇ ಹಾದುಹೋಗಿತ್ತು. ಕೂರುವ ಜಾಗ ಕಳೆದುಕೊಳ್ಳುವವರ ಸಮಾಧಾನಕ್ಕೆಂದು ಪುರಸಭೆ ಒಂದು ತರಗತಿ ಇಟ್ಟಿತು. ಸರಕನ್ನು ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ದೊಡ್ಡ ಅಂಗಡಿಗೆ ಕಳಿಸುವುದು ಹೇಗೆ ಎಂಬ ತರಗತಿ. ಕೆಳಗಿನ ಊರಿನ ಒಂದು ದೊಡ್ಡ ಅಂಗಡಿಯಲ್ಲಿ ಸರಕು ಜೋಡಿಸಲು ಇವರಿಗೆಂದೇ ಒಂದು ಹಲಗೆ ಬಿಟ್ಟುಕೊಡುತ್ತಾರಂತೆ.

"ನೀನು ಹೋಗು. ನಂಗೆ ಹುರಿಯೋದಿದೆ" ಎಂದಳು ತೊಮಾಸಾ. "ಕೂತ್ಕೊಂಡು ತಲೆ ಆಡ್ಸೋ ಕೆಲ್ಸ. ನಿಂಗೆ ಇಪ್ಪತ್ತೆರಡು ವರ್ಷದ ಅಭ್ಯಾಸ."

ಕಾಸಿಯಾನೊ ಹೋಗಿ ಮೊದಲ ಸಾಲಿನಲ್ಲೇ ಕೂತ. ಪಾಠ ಹೇಳುತ್ತಿದ್ದವಳು ಪುರಸಭೆಯ ಇಂಜಿನಿಯರ್ ಸೆಲಾದಾ, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಗಾಳಿಯಂತೆ ಮಾತಾಡುವ ಹುಡುಗಿ. ಅವಳು ಇವನ ಹಿಟ್ಟಿನ ಪೊಟ್ಟಣವನ್ನು ಎಲ್ಲರ ಮುಂದೆ ಬಿಚ್ಚಿದಳು. ಹಳೆಯ ಪತ್ರಿಕೆಯಲ್ಲಿ ಕಟ್ಟಿದ ಪೊಟ್ಟಣ. ಸತ್ತವರ ಸುದ್ದಿಯ ಪುಟ.

"ದೋನ್ ಕಾಸಿಯಾನೊ, ಹಿಟ್ಟಿನ ಮೇಲೆ ಯಾರದೋ ಮೀಸೆ ಅಚ್ಚಾಗಿದೆಯಲ್ಲ!"

"ಪುಟ್ಟ ಮೀಸೆ, ಇಂಜಿನಿಯರಮ್ಮ" ಎಂದ ಕಾಸಿಯಾನೊ. "ಯಾರೋ ಕರ್ನಲ್ ಸಾಹೇಬ್ರದು. ತೀರ್ಕೊಂಡಿದ್ದಾರೆ, ಬೇಜಾರು ಮಾಡ್ಕೊಳಲ್ಲ."

ಇಂಜಿನಿಯರಮ್ಮ ಹಿಟ್ಟನ್ನು ಒಂದು ಚಮಚ ತಿಂದಳು. ಕರಗುವವರೆಗೂ ಸುಮ್ಮನಿದ್ದಳು. ತರಗತಿ ಶುರುವಾದಾಗಿನಿಂದ ಅವಳು ಸುಮ್ಮನಿದ್ದದ್ದು ಅದೇ ಮೊದಲು. ಆಮೇಲೆ ಹೇಳಿದಳು: "ಹಿಟ್ಟು ಬಂಗಾರ. ಆದ್ರೆ ಇದನ್ನ ಸತ್ತವರ ಪುಟದಲ್ಲಿ ಕಟ್ಟಿಕೊಟ್ರೆ ಕೆಳಗಿನ ಊರಿನವ್ರು ಮುಟ್ಟಲ್ಲ. ಜನವರಿ ಇಪ್ಪತ್ತೈದು, ಬೆಳಿಗ್ಗೆ ಹತ್ತು ಗಂಟೆ. ಒಳ್ಳೆ ಅಚ್ಚಿನ ಡಬ್ಬಿಯಲ್ಲಿ ಮುನ್ನೂರು ತನ್ನಿ, ಹಲಗೆ ನಿಮ್ದು. ತರದಿದ್ರೆ ಕಾಯ್ತಿರೋರು ಬೇಕಾದಷ್ಟು ಜನ ಇದ್ದಾರೆ." ಅಳತೆ ಬರೆದ ಚೀಟಿಯನ್ನೂ ಅವನ ಕೈಗಿಟ್ಟಳು.

ಅವತ್ತು ಕಾಸಿಯಾನೊ ಮನೆಗೆ ಬಂದದ್ದು ಜವಾನನಾಗಿ ಅಲ್ಲ, ಪಂಡಿತನಾಗಿ.

"ತೊಮಾಸಿತಾ, ಡಬ್ಬಿ ಅಂದ್ರೆ ಏನಂದ್ಕೊಂಡೆ? ಡಬ್ಬಿ ಅಂದ್ರೆ ಮಾತೇ ಆಡದೆ ವ್ಯಾಪಾರ ಮಾಡೋನು."

"ಅಂಥೋನೊಬ್ಬ ನಮ್ಮನೇಲಿ ಆಗ್ಲೇ ಇದ್ದಾನಲ್ಲ" ಎಂದಳು ತೊಮಾಸಾ. "ಮಾತೂ ಆಡಲ್ಲ, ವ್ಯಾಪಾರಾನೂ ಮಾಡಲ್ಲ."

ಹಾಗೆಂದಳೇ ಹೊರತು, ಡಬ್ಬಿಯ ಮೇಲೆ ‘ತಾಯಿ ಬಸೀಲಿಯಾ ಹುರಿಹಿಟ್ಟು’ ಎಂದು ಬರೆಸೋಣ ಎಂದು ಅವನು ಹೇಳಿದಾಗ ಅವಳ ಕೈಯಲ್ಲಿದ್ದ ಸೌಟು ನಿಂತಿತು. ಒಳಗೆ ಹೋಗಿ ಮಂಚದ ಕೆಳಗಿಂದ ದುಂಡನೆಯ ಪೆಟ್ಟಿಗೆ ಎಳೆದಳು. ಅದರಲ್ಲಿದ್ದದ್ದು ಅವಳ ಹಬ್ಬದ ಟೋಪಿ. ಕಪ್ಪು, ಮೊಲದ ಕೂದಲಿನ ನುಣುಪು. ಅಲ್ಲಿಯ ಹೆಂಗಸರು ಇಡುವ ಹಾಗೆ, ನೆತ್ತಿಯ ಮೇಲೆ ಬಟ್ಟಲು ಬೋರಲು ಹಾಕಿದಂತೆ, ಕಿವಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲಬೇಕು, ಕುಣಿದರೂ ಬೀಳಬಾರದು. ಕಿವಿಗೆ ತಾಗುವ ಟೋಪಿ ಗಂಡಸರದ್ದು. ಪ್ರತಿ ಜೂನ್ ತಿಂಗಳು ಬೀದಿಯ ಹೆಂಗಸರ ಕುಣಿತದಲ್ಲಿ ತೊಮಾಸಾ ಅದನ್ನಿಟ್ಟು ಮೊದಲ ಸಾಲಿನಲ್ಲಿ ತಿರುಗುತ್ತಿದ್ದಳು.

ಅಚ್ಚಿನ ಕೂಲಿಗೆಂದು ಮಾರಿದ ಆ ಟೋಪಿಯನ್ನು ಪಕ್ಕದ ಮನೆಯ ಫೋರ್ತುನಾತಾ ಕೊಂಡಳು. ಇವಳ ಮಗಳ ದೀಕ್ಷಾಸ್ನಾನಕ್ಕೆ ಜ್ಞಾನತಾಯಿಯಾಗಿ ನಿಂತವಳು ಅವಳು, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ‘ಕೊಮಾದ್ರೆ’.

"ಡಬ್ಬಿ ಮೇಲೆ ನನ್ನ ಚಿತ್ರ ಹಾಕ್ಸು" ಎಂದು ಗಂಡನಿಗೆ ಹೇಳಿದಳು ತೊಮಾಸಾ. "ಟೋಪಿ ಇಟ್ಕೊಂಡಿರೋದು. ಮನೇಲಿ ಇಲ್ದಿದ್ರೂ ಡಬ್ಬಿ ಮೇಲಾದ್ರೂ ಇರ್ಲಿ."

ಇಷ್ಟು ದೊಡ್ಡ ಜವಾಬ್ದಾರಿಯನ್ನು ಎದೆಯ ಜೇಬಿನಲ್ಲಿ ಇಟ್ಟುಕೊಂಡು ಕಾಸಿಯಾನೊ ಡಿಸೆಂಬರ್ ಮೊದಲ ವಾರ ಮೆಲಿತೋನನ ಪ್ರೆಸ್ಸಿಗೆ ಹೋದ. ಊರಿನಲ್ಲಿ ಇಷ್ಟು ಪ್ರೆಸ್ಸಿರುವಾಗ ಅಲ್ಲಿಗೇ ಏಕೆ ಹೋದ ಎಂದರೆ, ಅಲ್ಲಿ ಬಾಗಿಲಿಗೆ ಅಡ್ಡಲಾಗಿ ಯಾರೂ ನಿಂತಿರಲಿಲ್ಲ, ಯಾರನ್ನೂ ‘ಒಂದು ಪುಟ್ಟ ಪಕ್ಕಕ್ಕೆ’ ಎಂದು ಬೇಡಬೇಕಿರಲಿಲ್ಲ. ಮೆಲಿತೋನ್ ಒಳ್ಳೆಯ ಕೆಲಸಗಾರ. ಆದರೆ ಡಿಸೆಂಬರ್ ಬಂತೆಂದರೆ ಅವನು ಅಚ್ಚು ಹಾಕುವುದು ಒಂದೇ ಬಗೆಯದು: ಜನವರಿ ಇಪ್ಪತ್ತನಾಲ್ಕರ ಅಲಾಸಿತಾ ಸಂತೆಗೆ ಬೇಕಾದದ್ದು. ಅವತ್ತು ಮಧ್ಯಾಹ್ನ ಹನ್ನೆರಡರ ಗಂಟೆ ಬಡಿಯುವಾಗ ಯಾರಿಗೆ ಏನು ಬೇಕೋ ಅದರ ಬೆರಳುದ್ದದ ರೂಪ ಕೊಂಡು ಧೂಪದ ಹೊಗೆ ಹಾಕಿಸಿದರೆ, ವರ್ಷದೊಳಗೆ ದೊಡ್ಡದು ಮನೆಗೆ ಬರುತ್ತದೆ. ಕೊಡುವವನು ಎಕೆಕೊ, ಮೈತುಂಬ ಗಂಟುಮೂಟೆ ಹೊತ್ತ ಮೀಸೆಯ ಕುಳ್ಳ ದೇವರು. ಮನೆ ಬೇಕಾದವರಿಗೆ ಬೆಂಕಿಪೊಟ್ಟಣದಷ್ಟು ಮನೆ, ಮದುವೆ ಬೇಕಾದವರಿಗೆ ಚೀಟಿಯಷ್ಟು ಮದುವೆ ಪತ್ರ, ಅಡುಗೆಮನೆ ತುಂಬಬೇಕಾದವರಿಗೆ ಹೆಸರುವಾಸಿ ಕಂಪನಿಗಳ ಸಕ್ಕರೆ, ಸೇಮಿಗೆ, ಹಾಲಿನ ಪುಡಿಯ ಉಗುರಿನಷ್ಟು ಡಬ್ಬಿಗಳು. ಕಾಸಿಯಾನೊ ಒಳಗೆ ಹೋದಾಗ ಮೆಲಿತೋನ್ ಹೆಬ್ಬೆರಳಿನಷ್ಟು ಡಾಕ್ಟರ್ ಪದವಿ ಪತ್ರಗಳನ್ನು ಎಣಿಸುತ್ತಿದ್ದ.

"ಸ್ವಾಮಿ, ಒಂದು ಪುಟ್ಟ ತೊಂದರೆ ಕೊಡ್ಲಾ?"

"ಕೊಡಿ."

"ನಂಗೊಂದಿಷ್ಟು ಪುಟ್ಟ ಡಬ್ಬಿ ಬೇಕಾಗಿತ್ತು."

ಮೆಲಿತೋನ್ ತಲೆ ಎತ್ತಲಿಲ್ಲ. ಡಿಸೆಂಬರಿನಲ್ಲಿ ಆ ಬಾಗಿಲಿಗೆ ಬರುವವರೆಲ್ಲ ಬರುವುದೇ ಅದಕ್ಕೆ. "ದೊಡ್ಡ ಕಂಪನಿಯವರ ಡಬ್ಬಿ ಹೇಗಿರುತ್ತೋ ಹಾಗೇ ತಾನೆ? ಒಂದಕ್ಷರ ಬಿಡ್ದೆ?"

"ಅದೇ ಸ್ವಾಮಿ, ಅದೇ! ಮನಸ್ಸಲ್ಲಿದ್ದದ್ದನ್ನೇ ಹೇಳಿಬಿಟ್ರಿ. ದೊಡ್ಡವರದ್ದು ಹೇಗಿರುತ್ತೋ ಹಾಗೆ, ಪುಟ್ಟದಾಗಿ, ಮುದ್ದಾಗಿ."

"ಅಳತೆ?"

ಕಾಸಿಯಾನೊ ಜೇಬಿಗೆ ಕೈ ಹಾಕಿದ. ಚೀಟಿ ಬೆರಳಿಗೆ ಸಿಕ್ಕಿತು ಕೂಡ. ಆದರೆ ಇಂಥ ಕೆಲಸಗಾರನ ಎದುರು ಚೀಟಿ ತೆಗೆದು ‘ಇಷ್ಟುದ್ದ ಇಷ್ಟಗಲ’ ಎಂದು ಪಾಠ ಹೇಳುವುದು ಅವಮಾನವಲ್ಲವೇ? ಬೆರಳು ಹಾಗೇ ಹೊರಬಂತು.

"ತಮಗೆ ಗೊತ್ತಿಲ್ದಿರೋದಾ ಸ್ವಾಮಿ. ಮಾಮೂಲಿ ಅಳತೆ. ಎಲ್ರೂ ಒಯ್ಯೋದು."

"ಎಷ್ಟು?"

"ಒಂದು ಪುಟ್ಟ ಎರಡು ಸಾವಿರ." ಮುನ್ನೂರು ಮೊದಲ ಸರಕಿಗೆ, ಮಿಕ್ಕದ್ದು ವರ್ಷವಿಡೀ ಹಲಗೆ ತುಂಬಲು ಎಂದು ಅವನ ಲೆಕ್ಕ.

ಈಗ ಮೆಲಿತೋನ್ ತಲೆ ಎತ್ತಿ, ಕಾಸಿಯಾನೊ ಮುಂದಿಟ್ಟ ಹೆಸರನ್ನೂ ತೊಮಾಸಾಳ ಚಿತ್ರವನ್ನೂ ನೋಡಿದ. "ಈ ತಾಯಿ ಬಸೀಲಿಯಾ ಯಾವ ಕಂಪನಿ? ನಾನು ಕೇಳೇ ಇಲ್ವಲ್ಲ. ಮೊದ್ಲು ದೊಡ್ಡದು ಇರ್ಬೇಕಪ್ಪ."

"ಇದೆ ಸ್ವಾಮಿ, ಮೂಟೆಗಟ್ಲೆ ಇದೆ ಮನೇಲಿ."

"ಹಾಗಾದ್ರೆ ಸರಿ. ಚಿಮಟದಲ್ಲಿ ಹಿಡಿದು ಒಂದೊಂದನ್ನೂ ಮಡಚ್ಬೇಕು, ಕಣ್ಣು ಹೋಗೋ ಕೆಲ್ಸ. ಕೂಲಿ ಜಾಸ್ತಿ ಆಗುತ್ತೆ."

ಚಿಮಟ ಏಕೆ ಎಂಬ ಪ್ರಶ್ನೆ ಕಾಸಿಯಾನೊನ ಗಂಟಲವರೆಗೆ ಬಂದು, ಅಲ್ಲಿಂದ ವಿನಯವಾಗಿ ವಾಪಸು ಹೋಯಿತು. ಟೋಪಿ ಮಾರಿ ಬಂದದ್ದನ್ನೆಲ್ಲ ಮೇಜಿನ ಮೇಲಿಟ್ಟು, ಇಪ್ಪತ್ತನಾಲ್ಕರ ಒಳಗೆ ಬೇಕು ಎಂದ. "ಅಲ್ಲದೆ ಇನ್ಯಾವಾಗ?" ಎಂದ ಮೆಲಿತೋನ್. ಇಬ್ಬರಿಗೂ ಇಷ್ಟು ಚೆನ್ನಾಗಿ ಅರ್ಥವಾದ ಮಾತುಕತೆ ಆ ಪ್ರೆಸ್ಸಿನಲ್ಲಿ ಹಿಂದೆ ನಡೆದಿರಲಿಲ್ಲ.

ಜನವರಿ ಇಪ್ಪತ್ತಮೂರರ ಬೆಳಿಗ್ಗೆ ಕಾಸಿಯಾನೊ ಒಂದು ಲಾರಿ ಮಾಡಿಕೊಂಡು, ಇಬ್ಬರು ಹಮಾಲರನ್ನು ಹತ್ತಿಸಿಕೊಂಡು ಹೋದ. ಮೆಲಿತೋನ್ ಒಂದು ರಟ್ಟಿನ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ಕೊಟ್ಟ. ಮಿಕ್ಕದ್ದು ಒಳಗಿಂದ ಬರುತ್ತದೆಂದು ಕಾಸಿಯಾನೊ ನಗುನಗುತ್ತ ನಿಂತ. ಮೆಲಿತೋನನೂ ನಗುನಗುತ್ತ ನಿಂತ. ಹೀಗೆ ಕಾಲು ಗಂಟೆ ಇಬ್ಬರೂ ನಕ್ಕ ಮೇಲೆ ಮೆಲಿತೋನ್ ಬಾಗಿಲು ಹಾಕಿಕೊಂಡ. ಉಳಿದದ್ದನ್ನು ಇನ್ನೊಮ್ಮೆ ಕೊಡುತ್ತಾರೇನೋ, ಕೆಲಸದ ಅವಸರದಲ್ಲಿರುವವರನ್ನು ಕೇಳುವುದು ಸರಿಯಲ್ಲ ಎಂದುಕೊಂಡ ಕಾಸಿಯಾನೊ. ಹಮಾಲರು ಪೆಟ್ಟಿಗೆಯ ಎರಡು ಬದಿಗೆ ಕೂತು ಅದು ಹಾರಿಹೋಗದಂತೆ ಹಿಡಿದುಕೊಂಡರು. ಲಾರಿ ಬೆಟ್ಟ ಹತ್ತಿತು.

ಮನೆಯ ಮುಂದೆ ಬೀದಿಯೇ ನೆರೆದಿತ್ತು. ಹೊಸ ಸರಕಿಗೆ ಬಣ್ಣದ ಕಾಗದದ ಚೂರು ಎರಚಿ, ನೆಲಕ್ಕೆ ಬಿಯರ್ ಚಿಮುಕಿಸಿ ಭೂಮಿತಾಯಿಗೆ ಮೊದಲ ಗುಟುಕು ಕೊಡಬೇಕಲ್ಲ. ಫೋರ್ತುನಾತಾ ಮುಂದೆಯೇ ನಿಂತಿದ್ದಳು, ತಲೆಯ ಮೇಲೆ ಆ ಟೋಪಿ. ತೊಮಾಸಾ ಅದರತ್ತ ನೋಡಲಿಲ್ಲ. ನೋಡದಿರುವುದಕ್ಕೆ ಅವಳು ಪಡುತ್ತಿದ್ದ ಪ್ರಯತ್ನ ಎಲ್ಲರಿಗೂ ಕಾಣುತ್ತಿತ್ತು.

ಕಾಸಿಯಾನೊ ಪೆಟ್ಟಿಗೆ ಬಿಚ್ಚಿದ. ಒಳಗೆ ಸಾಲುಸಾಲಾಗಿ, ಬೆಂಕಿಪೊಟ್ಟಣಕ್ಕಿಂತ ಒಂದು ಕೂದಲು ಚಿಕ್ಕದಾದ ಎರಡು ಸಾವಿರ ಡಬ್ಬಿಗಳು ಕಣ್ಣು ಮಿಟುಕಿಸುತ್ತಿದ್ದವು.

ಬೀದಿಯೆಲ್ಲ ಪೆಟ್ಟಿಗೆಯ ಮೇಲೆ ಬಗ್ಗಿತು.

"ಅಯ್ಯೋ, ಎಷ್ಟು ಮುದ್ದಾಗಿದೆ ಕೊಮಾದ್ರೆ!" ಎಂದಳು ಫೋರ್ತುನಾತಾ. "ನಿಮ್ಮದು ಅಷ್ಟು ದೊಡ್ಡ ಕಂಪನಿ ಆಗಿಬಿಡ್ತಾ? ಆಗ್ಲೇ ಅಲಾಸಿತಾಕ್ಕೂ ಬಂತಲ್ಲ! ಎಲ್ಲಿ, ದೊಡ್ಡ ಡಬ್ಬಿ ತೋರ್ಸಿ."

"ಫ್ಯಾಕ್ಟರಿ ಎಲ್ಲಿ ಹಾಕಿದ್ರಿ ದೋನ್ ಕಾಸಿಯಾನೊ?" ಎಂದರು ಒಬ್ಬರು. "ನನ್ನ ಅಳಿಯಂಗೊಂದು ಕೆಲ್ಸ ಕೊಡಿ ಮತ್ತೆ" ಎಂದರು ಇನ್ನೊಬ್ಬರು. ಬಾಟಲಿ ಹಿಡಿದಿದ್ದವನು ಪದ್ಧತಿ ಬಿಡಬಾರದೆಂದು ನೆಲಕ್ಕೆ ಬಿಯರ್ ಚಿಮುಕಿಸಿಯೇಬಿಟ್ಟ. ಒಂದು ಹನಿ ಡಬ್ಬಿಯ ಮೇಲೆ ಬಿತ್ತು. ಡಬ್ಬಿ ಮುಳುಗಿಹೋಯಿತು.

ತೊಮಾಸಾ ಒಂದು ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಅದರ ಮೇಲೆ ಅವಳಿದ್ದಳು, ಅಕ್ಕಿಕಾಳಿನಷ್ಟು. ಅವಳ ತಲೆಯ ಮೇಲೆ ಟೋಪಿ ಇತ್ತು, ಸಾಸಿವೆಯ ಸಿಪ್ಪೆಯಷ್ಟು. ಒಳಗಿಂದ ಚಮಚ ತಂದು ಹಿಟ್ಟು ತುಂಬಿದಳು. ಎರಡು ಚಮಚಕ್ಕೆ ಡಬ್ಬಿ ತುಂಬಿತು.

"ಕಾಸಿಯಾನೊ" ಎಂದಳು, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ಬೀದಿ ಹಿಂದೆ ಕೇಳಿರಲಿಲ್ಲ; ಜನ ಒಂದು ಹೆಜ್ಜೆ ಹಿಂದೆ ಸರಿದರು. "ಇರುವೆಗಳಿಗೆ ಅಂಗಡಿ ಇಟ್ಟಿದ್ದೀವಾ ನಾವು?"

ಕಾಸಿಯಾನೊ ಬೆಟ್ಟ ಇಳಿದು ಮತ್ತೆ ಪ್ರೆಸ್ಸಿಗೆ ಓಡಿದ. ಈ ಸಲ ನ್ಯಾಯ ಕೇಳಿಯೇ ಬಿಡುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬಾಗಿಲು ತೆರೆಯಿತು.

"ಸ್ವಾಮಿ, ಡಬ್ಬಿಯಲ್ಲಿ ಒಂದು ಪುಟ್ಟ ತಪ್ಪಾಗಿದೆ."

ಮೆಲಿತೋನನ ಮುಖ ಕಪ್ಪಾಯಿತು. ಮೂವತ್ತು ವರ್ಷದಲ್ಲಿ ಅವನ ಅಚ್ಚಿನಲ್ಲಿ ತಪ್ಪು ಹುಡುಕಿದವರಿಲ್ಲ. ಭೂತಗನ್ನಡಿ ತಂದು, ದೀಪದ ಕೆಳಗೆ ಡಬ್ಬಿ ಹಿಡಿದು, ಆರು ಮಗ್ಗುಲಿನ ಅಕ್ಷರಗಳನ್ನೂ ಒಂದೊಂದಾಗಿ ಓದಿದ. ತೂಕ, ತಯಾರಿಸಿದ ಊರು, ‘ತಂಪು ಜಾಗದಲ್ಲಿಡಿ’ ಎಲ್ಲ ಸರಿಯಾಗಿತ್ತು. ಕಾಸಿಯಾನೊ ಕೈಕಟ್ಟಿ ನಿಂತೇ ಇದ್ದ. ಅರ್ಧ ಗಂಟೆಯ ನಂತರ ಮೆಲಿತೋನ್ ಬೆವರು ಒರೆಸಿಕೊಂಡ.

"ಎಲ್ಲಿ ತಪ್ಪು? ನಂಗೆ ಕಾಣ್ತಿಲ್ಲ."

"ಅದು... ಒಟ್ಟು ಡಬ್ಬೀನೇ ಸ್ವಾಮಿ. ಒಂದು ಪುಟ್ಟ ಚಿಕ್ಕದಾಯ್ತು."

"ಎಷ್ಟು ಚಿಕ್ಕದು?"

ಕಾಸಿಯಾನೊ ಎರಡು ಕೈ ಅಗಲಿಸಿ ಇಂಜಿನಿಯರಮ್ಮನ ಅಳತೆ ತೋರಿಸಿದ. ಮೆಲಿತೋನ್ ಆ ಕೈಗಳನ್ನು ನೋಡಿದ, ಡಬ್ಬಿಯನ್ನು ನೋಡಿದ, ಹಾಗೇ ಸ್ಟೂಲಿನ ಮೇಲೆ ಕುಸಿದ.

"ಅಣ್ಣಾ, ನಿಮ್ಗೆ ಕೈಮುಗೀತೀನಿ. ಅವತ್ತು ಒಂದೇ ಒಂದು ಸಲ ‘ದೊಡ್ಡ ಡಬ್ಬಿ’ ಅಂತ ಅನ್ಬಾರ್ದಾಗಿತ್ತಾ?"

"ಹಾಗೆ ಕೇಳಿದ್ರೆ ಒರಟಾಗಲ್ವಾ ಸ್ವಾಮಿ?"

ಮೆಲಿತೋನ್ ಹೌದೆನ್ನುವಂತೆ ತಲೆ ಆಡಿಸಿದ. ಅವನೂ ಅದೇ ಊರಿನವನು. ಫೆಬ್ರವರಿವರೆಗೆ ದೊಡ್ಡ ಯಂತ್ರ ಬಿಚ್ಚಿಟ್ಟಿದೆ, ಕೆಲಸಗಾರರೆಲ್ಲ ನಾಳೆ ಸಂತೆಗೆ ಹೋಗುತ್ತಾರೆ ಎಂದು ಹೇಳಿ, ಕಣ್ಣಲ್ಲಿ ನೀರು ತಂದುಕೊಂಡು ಒಂದು ಹೆಬ್ಬೆರಳಿನಷ್ಟು ಡಾಕ್ಟರ್ ಪದವಿಯನ್ನು ಇವನ ಜೇಬಿಗೆ ಹಾಕಿ ಕಳಿಸಿದ.

ಮನೆಗೆ ಬಂದಾಗ ತೊಮಾಸಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಹೊಸ್ತಿಲ ಮೇಲೆ ಕೂತು, ಬೀದಿಯ ಸುಣ್ಣದ ಗೆರೆಯನ್ನೇ ನೋಡುತ್ತಿದ್ದಳು.

"ತಪ್ಪು ನನ್ದೇ, ತೊಮಾಸಿತಾ" ಎಂದ ಕಾಸಿಯಾನೊ.

"ಹೌದು, ನಿನ್ದೇ" ಎಂದಳು. ಎದ್ದು ಲಂಗ ಕೊಡವಿಕೊಂಡಳು. "ನಾಳೆ ಇಪ್ಪತ್ತನಾಲ್ಕು. ಊರಿಗೆ ಊರೇ ಚಿಕ್ಕದನ್ನ ಕೊಳ್ಳೋ ದಿನ. ಚಮಚ ತಗೋ. ತುಂಬು."

ಮರುದಿನ ಸಂತೆಯಲ್ಲಿ ಅವರಿಗೆ ಸಿಕ್ಕಿದ್ದು ತೀರ ಅಂಚಿನ ಜಾಗ, ಧೂಪದ ಹೊಗೆ ಹಾಕುವ ಯಾತಿರಿ ಮುದುಕನ ಪಕ್ಕ. ಹೊಗೆಯೆಲ್ಲ ಇವರ ಕಣ್ಣಿಗೇ ಬರುತ್ತಿತ್ತು. ತೊಮಾಸಾ ಬಟ್ಟೆ ಹಾಸಿ ಡಬ್ಬಿ ಜೋಡಿಸಿದಳು. ಜನ ಬಂದರು, ಬಗ್ಗಿ ನೋಡಿದರು, ಮುಂದೆ ಹೋದರು.

"ಯಾವ ಕಂಪನಿ ಇದು?" ಎಂದು ಕೇಳಿದಳೊಬ್ಬಳು.

"ಒಂದು ಪುಟ್ಟ ಕಂಪನಿ ಅಮ್ಮಾ" ಎಂದ ಕಾಸಿಯಾನೊ.

"ಪುಟ್ಟ ಕಂಪನೀದು ನಂಗ್ಯಾಕೆ? ಕೇಳೋದೇ ಕೇಳ್ತೀವಿ, ದೊಡ್ಡ ಕಂಪನೀದೇ ಕೇಳ್ಬೇಕು" ಎಂದು ಅವಳು ಹೊರಟಳು.

ತೊಮಾಸಾ ಗಂಡನ ಭುಜ ಹಿಡಿದು ಹಿಂದಕ್ಕೆ ಎಳೆದು ಮೂಟೆಯ ಮೇಲೆ ಕೂರಿಸಿದಳು. ಬಾಯಿ ಮುಚ್ಚಿಕೊಂಡಿರಲೆಂದು ದೊಡ್ಡ ಚಮಚದಲ್ಲಿ ಹುರಿಹಿಟ್ಟು ತುಂಬಿ ಅವನ ಬಾಯಿಗೆ ಹಾಕಿದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು ಕೂಗಿದಳು. ಆ ಕೂಗಿಗೆ ಪಕ್ಕದ ಯಾತಿರಿಯ ಮಂತ್ರ ತಪ್ಪಿಹೋಯಿತು.

"ಬನ್ರಮ್ಮಾ, ಬನ್ರಿ! ಮಿಕ್ಕವರ ಡಬ್ಬಿ ಅಲ್ಲಾಡ್ಸಿ ನೋಡಿ, ಒಳಗೆ ಮರದ ಹೊಟ್ಟು! ನಮ್ಮ ಡಬ್ಬೀಲಿ ನಿಜವಾದ ಹಿಟ್ಟು! ದೇವರಿಗೇ ಹೊಟ್ಟು ತಿನ್ಸಿದ್ರೆ ಅವನು ನಿಮಗೇನು ಕೊಟ್ಟಾನು?"

ನಡೆಯುತ್ತಿದ್ದವರು ನಿಂತರು. ಒಬ್ಬ ಮುದುಕಿ ಡಬ್ಬಿ ಬಿಚ್ಚಿ ಅಂಗೈಗೆ ಸುರಿದುಕೊಂಡು ನೆಕ್ಕಿದಳು. ಕರಗುವವರೆಗೆ ಕಣ್ಣುಮುಚ್ಚಿ ನಿಂತಳು. "ನಮ್ಮಮ್ಮ ಹುರೀತಿದ್ದದ್ದು ಹೀಗೇ" ಎಂದು ಆರು ಡಬ್ಬಿ ಕೊಂಡಳು. ಅಷ್ಟರಲ್ಲಿ ಹನ್ನೆರಡರ ಗಂಟೆ ಬಡಿಯಿತು. ಆ ಗಂಟೆಯ ಹೊತ್ತಿಗೆ ಕೈಯಲ್ಲಿ ಏನಾದರೂ ಇರಲೇಬೇಕು, ಜನ ಮುಗಿಬಿದ್ದರು. ಒಬ್ಬರು ಇವರ ಬಟ್ಟೆಯ ಮೇಲಿಂದ ಡಬ್ಬಿ ಎತ್ತಿ ಹಾಗೇ ಪಕ್ಕಕ್ಕೆ ತಿರುಗಿ ಮುದುಕನ ಹೊಗೆಗೆ ಹಿಡಿಯುವರು, ಇನ್ನೊಬ್ಬರು ಅವರ ಜಾಗಕ್ಕೆ ನುಗ್ಗುವರು. ಅಂಚಿನ ಜಾಗ ಈಗ ಸಂತೆಯ ನಡುಮಧ್ಯವಾಯಿತು.

"ದೊಡ್ಡದು ಎಲ್ಲಿ ಸಿಗುತ್ತೆ?" ಎಂದು ಒಬ್ಬ ಕೇಳಿದ.

"ನಾಳೆ ಹತ್ತು ಗಂಟೆಗೆ, ಕೆಳಗಿನ ಊರಿನ ದೊಡ್ಡ ಅಂಗಡೀಲಿ!" ಎಂದು ವ್ಯಾಪಾರದ ಭರದಲ್ಲಿ ಕೂಗಿಬಿಟ್ಟಳು ತೊಮಾಸಾ. ಕೂಗಿದ ಮೇಲೆ ಅವಳಿಗೇ ನೆನಪಾಯಿತು, ದೊಡ್ಡ ಡಬ್ಬಿ ಒಂದೂ ಇಲ್ಲ. ಆದರೆ ಕೂಗಿದ್ದು ಕೂಗಿಯಾಗಿತ್ತು.

ಆಗ ಗುಂಪಿನ ನಡುವಿನಿಂದ ಒಂದು ಕನ್ನಡಕ ಹೊಳೆಯಿತು. ಇಂಜಿನಿಯರ್ ಸೆಲಾದಾ! ಒಂದು ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಎರಡಂತಸ್ತಿನ ಮನೆ, ಇನ್ನೊಂದು ಕೈಯಲ್ಲಿ ಬೆರಳಷ್ಟು ವರ.

"ದೋನ್ ಕಾಸಿಯಾನೊ! ಏನು ತಲೆ ನಿಮ್ಮದು! ನಾಳೆ ಸರಕು ಬರ್ಬೇಕು, ಇವತ್ತು ಊರಿಗೆಲ್ಲ ಆಸೆ ಹುಟ್ಸಿದ್ದೀರಿ! ಹದಿನಾರು ತರಗತಿ ಹೇಳಿದೆ, ಇದು ನನ್ನ ತಲೆಗೇ ಹೊಳೆದಿಲ್ಲ. ಹಾಗಾದ್ರೆ ದೊಡ್ಡ ಡಬ್ಬಿ ಮುನ್ನೂರೂ ಸಿದ್ಧ ತಾನೆ?"

ಸತ್ಯ ಹೇಳಲು ಕಾಸಿಯಾನೊ ಎದ್ದು ನಿಂತ. ಬಾಯಿ ತುಂಬ ಒಣ ಹಿಟ್ಟು. ತೆರೆದ; ಒಂದು ಮೋಡ ಹೊರಟಿತು. ಇಂಜಿನಿಯರಮ್ಮನ ಕನ್ನಡಕ ಬೆಳ್ಳಗಾಯಿತು.

"ಹೌದು ಅಂದ್ರಿ ತಾನೆ? ಸಂತೋಷ!" ಎಂದು ಅವಳು ಕಣ್ಣು ಕಾಣದೆಯೇ ಹತ್ತು ಡಬ್ಬಿ ಕೊಂಡು, ವರನನ್ನು ಹೊಗೆಗೆ ಹಿಡಿದು, ಹೊರಟುಹೋದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಟ್ಟೆಯ ಮೇಲೆ ನಾನೂರು ಚಿಲ್ಲರೆ ಡಬ್ಬಿ ಉಳಿದಿದ್ದವು. ಕಾಸಿಯಾನೊ ಎದ್ದು ಎಲ್ಲೋ ಹೋಗಿ ಬಂದ. ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ಹೆಬ್ಬೆರಳಿಗೆ ಇಡಬಹುದಾದಷ್ಟು ಒಂದು ಕಪ್ಪು ಟೋಪಿ.

"ಹೊಗೆ ಹಾಕ್ಸಿಕೊಂಡು ಬಂದೆ" ಎಂದ.

ತೊಮಾಸಾ ಅದನ್ನು ಹೆಬ್ಬೆರಳಿಗೆ ಇಟ್ಟುಕೊಂಡು ಅತ್ತಿತ್ತ ತಿರುಗಿಸಿ ನೋಡಿದಳು. "ಹನ್ನೆರಡು ಗಂಟೆ ಮೇಲೆ ಕೊಂಡ್ರೆ ಫಲ ಇಲ್ಲ ಅಂತಾರೆ" ಎಂದಳು. ಎಂದರೂ ಅದನ್ನು ಶಾಲಿನ ಒಳಗೆ ದಾರದಿಂದ ಗಂಟು ಹಾಕಿಕೊಂಡಳು. ಆ ಗಂಟು ಹಾಕುವಾಗಲೇ ಅವಳ ಕೈ ನಿಂತಿತು. ದಾರವನ್ನು ನೋಡಿದಳು. ಉಳಿದ ಡಬ್ಬಿಗಳನ್ನು ನೋಡಿದಳು.

"ಕಾಸಿಯಾನೊ, ಬೇಕರಿಗೆ ಹೋಗು. ಹೊಸ ಕಂದು ಕಾಗದ ತಗೊಂಡ್ಬಾ. ಮುನ್ನೂರು ಹಾಳೆ. ದೊಡ್ಡ ಹಾಳೆ. ಏನಂತ ಕೇಳ್ತೀಯಾ, ಹೇಳು ನೋಡೋಣ?"

"ದೊ... ದೊಡ್ಡ ಹಾಳೆ."

"ಇನ್ನೊಂದ್ಸಲ."

ಮರುದಿನ ಬೆಳಿಗ್ಗೆ ಇಬ್ಬರೂ ಮೂಟೆಗಳನ್ನು ಕೇಬಲ್ ಕಾರಿಗೆ ಏರಿಸಿಕೊಂಡು ಕೆಳಗಿನ ಊರಿಗೆ ಇಳಿದರು. ಅಂಗಡಿಯ ಬಾಗಿಲಲ್ಲಿ ಇಂಜಿನಿಯರಮ್ಮ ಗಡಿಯಾರ ನೋಡುತ್ತ ನಿಂತಿದ್ದಳು. ಅವಳ ಹಿಂದೆ ಸಾಲು. ಸಾಲೆಂದರೆ ಮೂಲೆ ತಿರುಗಿ ಕಾಣದಷ್ಟು. ಪ್ರತಿಯೊಬ್ಬರ ಕೈಯಲ್ಲೂ ಒಂದು ಪುಟ್ಟ ಡಬ್ಬಿ. ಫೋರ್ತುನಾತಾ ಕೂಡ ಇದ್ದಳು.

"ಸರಕು ಬಿಚ್ಚಿ ದೋನ್ ಕಾಸಿಯಾನೊ. ಡಬ್ಬಿ ಎಲ್ಲಿ?"

ಕಾಸಿಯಾನೊ ತನ್ನ ತಲೆಯ ಟೋಪಿ ತೆಗೆದು ಎದೆಗೆ ಹಿಡಿದ. ಬಾಯಲ್ಲಿ ಹಿಟ್ಟಿರಲಿಲ್ಲ, ತಪ್ಪಿಸಿಕೊಳ್ಳುವಂತಿರಲಿಲ್ಲ. "ಇಂಜಿನಿಯರಮ್ಮ" ಎಂದ. "ಒಂದು ಪು..." ಹೆಂಡತಿಯ ಕಡೆ ನೋಡಿದ. "ಒಂದು ದೊಡ್ಡ ತಪ್ಪಾಗಿದೆ."

ಇಂಜಿನಿಯರಮ್ಮನ ಮುಖದ ರಕ್ತ ಇಳಿಯಿತು. ದವಡೆ ಊದಿದಾಗ ‘ಪುಟ್ಟ ನೋವು’ ಎಂದ ಮನುಷ್ಯ ಇವನು. ಇವನ ಬಾಯಲ್ಲಿ ದೊಡ್ಡದು ಎಂದರೆ ಅದೆಷ್ಟು ದೊಡ್ಡದಿರಬೇಕು! ಅವಳು ಅವನ ತೋಳು ಹಿಡಿದುಕೊಂಡಳು. "ಯಾರು ಹೋಗ್ಬಿಟ್ರು? ಮನೆಗೆ ಬೆಂಕಿ ಬಿತ್ತಾ? ಕೂತ್ಕೊಳಿ, ಮೊದ್ಲು ಕೂತ್ಕೊಳಿ. ಯಾರಾದ್ರೂ ನೀರು ತನ್ನಿ!"

"ಯಾರೂ ಹೋಗಿಲ್ಲ ಅಮ್ಮಾ. ದೊಡ್ಡ ಡಬ್ಬಿ ಇಲ್ಲ. ಚಿಕ್ಕವು ಮಾತ್ರ ಇರೋದು. ನಾನು ಸರಿಯಾಗಿ ಕೇಳ್ಲಿಲ್ಲ."

"ಡಬ್ಬಿನಾ? ಬರೀ ಡಬ್ಬಿನಾ?" ಎಂದು ಅವಳು ಎದೆ ನೀವಿಕೊಂಡಳು. "ನನ್ನ ಜೀವವೇ ಹೋಗಿತ್ತಲ್ಲ!"

ಅಷ್ಟರಲ್ಲಿ ತೊಮಾಸಾ ಮೂಟೆ ಬಿಚ್ಚಿ ಹಲಗೆಯ ಮೇಲೆ ಜೋಡಿಸಲು ಶುರು ಮಾಡಿದ್ದಳು. ಕಂದು ಕಾಗದದ ಗಟ್ಟಿ ಪೊಟ್ಟಣ, ಅವಳ ತಾಯಿ ಕಟ್ಟುತ್ತಿದ್ದ ಹಾಗೆ ಮೇಲೆ ಹಿಂಡಿ ದಾರ ಸುತ್ತಿದ್ದು. ದಾರದ ತುದಿಗೆ ಕಿವಿಯೋಲೆಯಂತೆ ಒಂದು ಪುಟ್ಟ ಡಬ್ಬಿ ತೂಗಾಡುತ್ತಿತ್ತು. ಅದರ ಮೇಲೆ ತಾಯಿ ಬಸೀಲಿಯಾಳ ಹೆಸರು, ಟೋಪಿ ಇಟ್ಟ ಅಕ್ಕಿಕಾಳಿನಷ್ಟು ತೊಮಾಸಾ.

ಇಂಜಿನಿಯರಮ್ಮ ಕನ್ನಡಕ ಮೇಲೆ ಸರಿಸಿದಳು. "ಇದು ನಾನು ಹೇಳಿದ ಡಬ್ಬಿ ಅಲ್ಲ" ಎಂದಳು. "ನಿಯಮದ ಪ್ರಕಾರ..."

"ಯಾವ ನಿಯಮ?" ಸಾಲಿನಿಂದ ಫೋರ್ತುನಾತಾ ನುಗ್ಗಿ ಬಂದಳು. "ನಿನ್ನೆ ಚಿಕ್ಕದು ಕೊಂಡು ಹೊಗೆ ಹಾಕ್ಸಿದ್ದೀನಿ. ಮನುಷ್ಯರು ವರ್ಷ ಕಾಯ್ತಾರೆ, ನಂಗೆ ದೇವರು ಒಂದೇ ದಿನಕ್ಕೆ ಕೊಡ್ತಿದ್ದಾನೆ. ನಡುವೆ ಪುರಸಭೆ ಯಾಕೆ ಬರ್ಬೇಕು?"

"ಹೌದೌದು!" ಎಂದಿತು ಸಾಲು. ಪುಟ್ಟ ಡಬ್ಬಿಗಳು ಗಾಳಿಯಲ್ಲಿ ಮೇಲೆದ್ದವು. ಪುರಸಭೆಯ ವಿರುದ್ಧ ಹೋಗುವುದು ಅವರಿಗೆ ರೂಢಿಯಿತ್ತು, ಎಕೆಕೊನ ವಿರುದ್ಧ ಹೋಗಲು ಯಾರಿಗೂ ಧೈರ್ಯವಿರಲಿಲ್ಲ. ಇಂಜಿನಿಯರಮ್ಮ ತನ್ನ ಕೈಚೀಲದಲ್ಲಿದ್ದ ಬೆರಳಷ್ಟು ವರನನ್ನು ಮುಟ್ಟಿ ನೋಡಿಕೊಂಡು, ಪಕ್ಕಕ್ಕೆ ಸರಿದಳು. ಹನ್ನೊಂದು ಗಂಟೆಗೆ ಹಲಗೆ ಖಾಲಿಯಾಯಿತು. ಮುಂದಿನ ವಾರದಿಂದ ಅವಳು ತರಗತಿಯಲ್ಲಿ ಆ ಪೊಟ್ಟಣವನ್ನು ಎತ್ತಿ ಹಿಡಿದು, "ಮೊದಲು ಚಿಕ್ಕದು, ಆಮೇಲೆ ದೊಡ್ಡದು, ಇದಕ್ಕೆ ಹತ್ತು ವರ್ಷದ ಓದು ಬೇಕು" ಎಂದು ಹೇಳತೊಡಗಿದಳು. ಕಾಸಿಯಾನೊ ಮೊದಲ ಸಾಲಿನಲ್ಲಿ ಕೂತು ತಲೆ ಆಡಿಸುತ್ತಿದ್ದ.

ಬೀದಿ ಅಗೆದರು. ಹಲಗೆ ಇತ್ತು, ಹಾಗಾಗಿ ತೊಮಾಸಾ ಮನೆಯಲ್ಲೇ ಹುರಿದಳು, ಅವನು ಕಟ್ಟಿದ, ಮೆಲಿತೋನ್ ವರ್ಷವಿಡೀ ಚಿಮಟ ಹಿಡಿದ. ಜೂನ್ ಬಂತು. ಕುಣಿತಕ್ಕೆ ಎರಡು ದಿನ ಉಳಿದಿರುವಾಗ ಕಾಸಿಯಾನೊ ಯಾರಿಗೂ ಹೇಳದೆ ಟೋಪಿಯ ಅಂಗಡಿಗೆ ಹೋದ. ಅವನು ಈಗ ಹಳೆಯ ಕಾಸಿಯಾನೊ ಅಲ್ಲ. ಅಂಗಡಿಯ ನಡುವೆ ಕಾಲೂರಿ ನಿಂತು, ಎದೆಯುಬ್ಬಿಸಿ, ಬೀದಿಗೆಲ್ಲ ಕೇಳುವಂತೆ ಹೇಳಿದ:

"ಟೋಪಿ ಕೊಡಿ. ಕಪ್ಪು. ದೊಡ್ಡದು! ಚಿಕ್ಕದೇನೂ ಬೇಡ. ಇರೋದ್ರಲ್ಲೆಲ್ಲ ದೊಡ್ಡದು ಕೊಡಿ!"

ಮನೆಯಲ್ಲಿ ತೊಮಾಸಾ ಅವನು ತಂದ ದುಂಡನೆಯ ಪೆಟ್ಟಿಗೆ ಬಿಚ್ಚಿದಳು. ಮೊಲದ ಕೂದಲಿನ ನುಣುಪನ್ನು ಕೆನ್ನೆಗೆ ಒತ್ತಿಕೊಂಡಳು. ಕಣ್ಣು ಒದ್ದೆಯಾಯಿತು. ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಿಟ್ಟಳು. ಟೋಪಿ ನೆತ್ತಿ ದಾಟಿ, ಹಣೆ ದಾಟಿ, ಕಿವಿ ದಾಟಿ, ಮೂಗಿನ ಮೇಲೆ ಬಂದು ಕೂತಿತು.

ಒಳಗಿನಿಂದ ಅವಳ ದನಿ ಬಂತು. "ಕಾಸಿಯಾನೊ."

"ಏನು ತೊಮಾಸಿತಾ?"

"ಜೀವಮಾನ ಪೂರ್ತಿ ‘ಪುಟ್ಟ, ಪುಟ್ಟ’ ಅಂತಿದ್ದೆ. ಇದೊಂದನ್ನ ಹಾಗೆ ಕೇಳೋಕೆ ನಿಂಗೇನಾಗಿತ್ತು?"

ಆದರೂ ಅವಳು ಅದನ್ನು ಬದಲಾಯಿಸಲು ಬಿಡಲಿಲ್ಲ. ಜಾರದಿರಲೆಂದು ಟೋಪಿಯೊಳಗೆ ಪತ್ರಿಕೆ ಮಡಚಿಟ್ಟಳು. ಕರ್ನಲ್ಲನ ಮೀಸೆಯಿದ್ದ ಆ ಹಳೆಯ ಪುಟವೂ ಅಲ್ಲೇ ಸೇರಿತು. ಕುಣಿತದ ದಿನ ಅವಳು ಮೊದಲ ಸಾಲಿನಲ್ಲಿ ತಿರುಗಿದಾಗ, ಬೋರಲು ಹಾಕಿದ ಕಡಾಯಿಯಂತಿದ್ದ ಆ ಟೋಪಿ ಅರ್ಧ ಸುತ್ತು ತಡವಾಗಿ ತಿರುಗುತ್ತಿತ್ತು. ಪಕ್ಕದಲ್ಲಿ ಕುಣಿಯುತ್ತಿದ್ದ ಫೋರ್ತುನಾತಾ ತಡೆಯಲಾರದೆ ಕೇಳಿದಳು:

"ಇದೇನು ಕೊಮಾದ್ರೆ, ಟೋಪಿ ಇಷ್ಟು ದೊಡ್ಡದು?"

"ಚಿಕ್ಕದನ್ನ ಅಲಾಸಿತಾದಲ್ಲಿ ಕೊಂಡಿದ್ವಲ್ಲ" ಎಂದಳು ತೊಮಾಸಾ, ಕಣ್ಣ ಮೇಲೆ ಜಾರಿದ ಟೋಪಿಯನ್ನು ಒಂದು ಬೆರಳಲ್ಲಿ ಎತ್ತಿ, ಬೀದಿಯಂಚಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದ ಗಂಡನನ್ನು ನೋಡಿ. "ದೇವರು ಮಾತು ಉಳಿಸ್ಕೊಂಡ. ಸ್ವಲ್ಪ ಜಾಸ್ತೀನೇ ಉಳಿಸ್ಕೊಂಡ."